ತಾಮ್ರದ ಮೇಲಿನ ಮೂವತ್ತಾರು ಡಿಗ್ರಿ

ಬೆಳಗಿನ ಪಾಳಿಯವರು ಬಾಗಿಲು ತೆಗೆದಾಗ ಗಿರಣಿಯ ಎಲೆಕ್ಟ್ರಿಷಿಯನ್ ಸ್ವಿಚ್‌ಬೋರ್ಡಿನ ಮುಂದೆ ಸತ್ತು ಬಿದ್ದಿದ್ದ. ಬಲಗೈ ಸುಟ್ಟಿತ್ತು. ಬೆರಳಿಗೆ ಕಪ್ಪು ಟೇಪಿನ ಚೂರೊಂದು ಅಂಟಿಕೊಂಡಿತ್ತು.

‘ಹರಿಯುವ ಕರೆಂಟಿಗೆ ಕೈ ಹಾಕಿದ್ದಾನೆ, ತಪ್ಪು ಅವನದೇ’ ಎಂದು ಮ್ಯಾನೇಜರ್ ಬರೆದುಬಿಟ್ಟ. ಸತ್ತವನ ಮೇಲೆ ಗೂಬೆ ಕೂರಿಸುವುದು ಸುಲಭ. ಅವನೇನು ಎದ್ದು ಬಂದು ಜಗಳವಾಡುತ್ತಾನೆಯೇ?

ಅವನ ಹೆಂಡತಿಗೆ ಅದೇ ಗಿರಣಿಯಲ್ಲಿ ಮೀಟರ್ ಓದುವ ಕೆಲಸ. ಗಂಡನ ಹೆಸರು ಉಳಿಸಬೇಕೆಂದು ಅವಳು ಅಣ್ಣನನ್ನು ಕರೆಸಿದಳು. ಬಿಸಿಯನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಹಿಡಿದು ಯಂತ್ರಗಳ ಬೇನೆ ಪತ್ತೆಹಚ್ಚುವುದೇ ಅಣ್ಣನ ಅನ್ನ.

ತಂಗಿ ಗಿರಣಿಯ ಥರ್ಮಲ್ ಫೋಟೋ ಅವನ ಮುಂದಿಟ್ಟಳು. “ಹಿಂದಿನ ದಿನದ ಫೋಟೋ ನೋಡು. ಬೋರ್ಡಿನ ತಾಮ್ರದ ಪಟ್ಟಿ ಬರೀ ಮೂವತ್ತಾರು ಡಿಗ್ರಿ! ಬಿಸೀನೇ ಇಲ್ಲದ ಮೇಲೆ ಅವರು ಯಾಕೆ ಕೈ ಹಾಕ್ತಾರೆ? ಯಾರೋ ಏನೋ ಮಾಡಿದ್ದಾರೆ.”

ಅಣ್ಣ ನೋಡಿದ. ಫೋಟೋವನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದ.

“ಇದನ್ನ ತೆಗೆದಿದ್ದು ಯಾರು?”

“ಅವರೇ. ರಿಜಿಸ್ಟರಲ್ಲಿ ಅವರ ಹೆಸರಿದೆ.”

“ನಿಜ ಹೇಳು. ಅವನು ಟೇಪ್ ಮರೆಯೋ ಆಳಲ್ಲ.”

“ಟೇಪಾ? ಯಾವ ಟೇಪು?”

ಅಣ್ಣನಿಗೆ ಅಷ್ಟೇ ಸಾಕಾಯಿತು. ಹೇಳದೇ ಇದ್ದುಬಿಡಲೇ ಎನ್ನಿಸಿತು.

“ಹೊಳೆಯೋ ತಾಮ್ರಕ್ಕೆ ಎಮಿಸಿವಿಟಿ ಕಮ್ಮಿ ಅಂತೀವಿ. ತನ್ನ ಬಿಸಿ ಬಿಟ್ಟುಕೊಡಲ್ಲ, ಕನ್ನಡಿ ಥರ ಎದುರಿಗಿರೋರ ಬಿಸಿ ತೋರಿಸುತ್ತೆ. ಅದಕ್ಕೇ ಕರೆಂಟ್ ನಿಲ್ಲಿಸಿ, ನಿಜವಾದ ಬಿಸಿ ತೋರಿಸೋ ಕಪ್ಪು ಟೇಪ್ ಅಂಟಿಸಿ, ಮತ್ತೆ ಓಡಿಸಿ ಫೋಟೋ ತೆಗೀಬೇಕು. ಇಲ್ಲಿ ಟೇಪಿಲ್ಲ. ಈ ಮೂವತ್ತಾರು ತಾಮ್ರದ್ದಲ್ಲ — ಎದುರು ನಿಂತವರ ಮೈ ಬಿಸಿ. ನೋಡಿಲ್ಲಿ… ಹೆಗಲ ಮೇಲೆ ಜಡೆ.”

ತಂಗಿಯ ಕೈ ತನ್ನ ಜಡೆಗೆ ಹೋಯಿತು.

“ಅವರಿಗೆ ಜ್ವರ ಇತ್ತು. ರಜ ಮುಗಿದಿತ್ತು. ಅವರ ಹೆಸರಲ್ಲಿ ನಾನೇ… ಬರೀ ಗುಂಡಿ ಒತ್ತೋದು ಅಂದ್ಕೊಂಡೆ.”

“ಆ ರಾತ್ರಿ ಗಿರಣಿಗೆ ಬಂದು ಫೋಟೋ ನೋಡಿದ ಕೂಡಲೇ ಅಳತೆ ಸುಳ್ಳು ಅಂತ ಅವನಿಗೆ ಗೊತ್ತಾಗಿದೆ. ಕರೆಂಟ್ ನಿಲ್ಲಿಸಿ ಅಂದ್ರೆ ಯಾಕೆ ಅಂತ ಹೇಳ್ಬೇಕು, ನಿನ್ನ ಕೆಲಸ ಹೋಗುತ್ತೆ. ಅದಕ್ಕೇ ಯಾರಿಗೂ ಹೇಳದೆ, ಓಡ್ತಿರೋ ಬೋರ್ಡಿಗೇ ಟೇಪ್ ಅಂಟಿಸೋಕೆ ಹೋಗಿದ್ದಾನೆ.”

“ಹಾಗಾದ್ರೆ ಅವರನ್ನ ಕೊಂದಿದ್ದು ನಾನೇ.”

ಅಣ್ಣ ಫೋಟೋ ಮಡಚಿ ಜೇಬಿಗಿಟ್ಟುಕೊಂಡ.

“ಇದು ನಮ್ಮಿಬ್ಬರಲ್ಲೇ ಇರ್ಲಿ.”

ತಂಗಿ ಅದನ್ನು ಅವನ ಜೇಬಿನಿಂದ ಕಿತ್ತು ಮೇಜಿನ ಮೇಲೆ ಹರಡಿದಳು.

“ಅವರಿಗೆ ಕೆಲಸ ಬರ್ತಿರ್ಲಿಲ್ಲ ಅಂತ ಆಗಬಾರದು. ಫೋಟೋ ತೆಗೆದಿದ್ದು ನಾನು ಅಂತ ವರದೀಲಿ ನನ್ನ ಹೆಸರು ಬರಿ, ಅಣ್ಣ.”

ಅಣ್ಣ ಅಳುತ್ತಲೇ ಬರೆದ.