ಇವತ್ತೇ ಬಿಟ್ಬಿಡ್ತೀನಿ

“ನನ್ನ ಟರ್ಬೈನ್‌ಗೆ ನೀರು ಕೊಡ್ತೀರೋ, ಇಲ್ಲ ನಾನೇ ಬಂದು ಗೇಟ್ ಎತ್ಲೋ?!”

ಅಣೆಕಟ್ಟಿನ ಬುಡದ ಪವರ್‌ಹೌಸಿನಿಂದ ಹತ್ತಿ ಬಂದವಳ ಕೋಪಕ್ಕೆ ಜಲಾಶಯವೇ ಒಂದಡಿ ಹಿಂದೆ ಸರಿಯಿತು. ಸುಳ್ಳಲ್ಲ, ಬೇಕಿದ್ದರೆ ಮೀನುಗಳನ್ನು ಕೇಳಿ! ಆ ಕಟ್ಟೆಯೇನು ಸಾಮಾನ್ಯವೇ? ಮೇಲೆ ನಿಂತು ಸೀನಿದರೆ ಕೆಳಗಿನವರು ಮಳೆಯೆಂದು ಕೊಡೆ ಬಿಚ್ಚುತ್ತಿದ್ದರು.

ಗೇಟ್ ಆಪರೇಟರ್ ಮಾತ್ರ ನಕ್ಕ.

“ಕೆಳಗಿನೋರಿಗೆ ಇಷ್ಟೊಂದು ಬಿಸಿನಾ? ಮೊದ್ಲು ನೀವು ನೀರು ಕುಡೀರಿ ಮೇಡಂ.”

ಅಂದಿನಿಂದ ಅವಳು ಅವನಿಗೆ ‘ಕೆಳಗಿನೋಳು’. ಅರ್ಧ ನಾಡಿಗೆ ಕರೆಂಟು ಕೊಡುವವಳ ಎದೆಯಲ್ಲಿ ಅವನೊಬ್ಬ ದೀಪ ಹಚ್ಚಿಬಿಟ್ಟ!

ಮದುವೆಗೆ ಅಡ್ಡ ನಿಂತದ್ದು ಅವನ ತಾಯಿ. ಆಕೆ ಹುಬ್ಬು ಗಂಟಿಕ್ಕಿದರೆ ಹರಿಯುವ ಹೊಳೆಯೂ ಅಪ್ಪಣೆ ಕೇಳಬೇಕು!

“ನಾನು ಬೇಕೋ ಬೇಡ್ವೋ, ನಿಮ್ಮಮ್ಮಂಗೆ ಹೇಳು. ಆಗಲ್ಲಾಂದ್ರೆ ನನ್ನ ಬಿಟ್ಬಿಡು,” ಎಂದಳು ಅವಳು, ಬೇಸತ್ತು.

ಉತ್ತರ ಕೇಳಲು ಹೋದ ದಿನ ಗೇಟ್ ಕೋಣೆಯ ಬಾಗಿಲು ಅರೆ ತೆರೆದಿತ್ತು. ಅವನು ಫೋನಿನಲ್ಲಿದ್ದ.

“ಎಷ್ಟೂಂತ ಹಿಡ್ಕೊಂಡಿರ್ಲಿ? ನನ್ನ ಕೈಲಾಗಲ್ಲ. ಇವತ್ತೇ ಬಿಟ್ಬಿಡ್ತೀನಿ... ಕೆಳಗಿನೋರಿಗೆ ಕಷ್ಟ ಆಗುತ್ತೆ, ಗೊತ್ತು. ಏನ್ಮಾಡ್ಲಿ?”

ಅವಳ ಕಾಲಡಿಯ ಕಾಂಕ್ರೀಟೇ ಕುಸಿಯಿತು.

‘ನನ್ನನ್ನು... ಇಷ್ಟು ಸಲೀಸಾಗಿ!’

ಅವಳು ಅತ್ತ ಕಣ್ಣೀರನ್ನು ಕಾಲುವೆಗೆ ಹರಿಸಿದ್ದರೆ ಎರಡು ಬೆಳೆ ತೆಗೆಯಬಹುದಿತ್ತು. ಮರುವಾರವೇ ದೂರದ ಪಂಪ್‌ಹೌಸಿಗೆ ವರ್ಗ ಕೇಳಿಕೊಂಡು ಹೊರಟಳು. ಅಲ್ಲಿಯವರೆಗೂ ಅವನ ಕಣ್ಣಿಗೆ ಬೀಳಲಿಲ್ಲ, ಅವನ ಒಂದು ಫೋನನ್ನೂ ಎತ್ತಲಿಲ್ಲ.

ವರ್ಷಗಳ ಮೇಲೆ ಟರ್ಬೈನ್ ದುರಸ್ತಿಗೆಂದು ಅವಳು ಹಳೆಯ ಅಣೆಕಟ್ಟಿಗೆ ಬಂದಾಗ ಅದೇ ಕೋಣೆಯಲ್ಲಿ ಅವನು. ಕಿವಿಯ ಬಳಿ ನರೆ. ಮೇಜಿನ ಮೇಲೆ ಮದುವೆಯ ಕರೆಯೋಲೆಗಳು... ವರ ಅವನೇ!

“ಬಿಡೋದು ನಿಮಗೆ ಅಭ್ಯಾಸ ಅಲ್ವಾ? ಇವಳನ್ನಾದ್ರೂ ಗಟ್ಟಿಯಾಗಿ ಹಿಡ್ಕೊಳ್ಳಿ.”

“ನಾನ್ಯಾವಾಗ ಬಿಟ್ಟೆ? ನೀನೇ ಹೇಳ್ದೆ ಕೇಳ್ದೆ ಹೋದೆ!”

“ಇವತ್ತೇ ಬಿಟ್ಬಿಡ್ತೀನಿ ಅಂತ ಫೋನಲ್ಲಿ ಹೇಳ್ತಿದ್ರಲ್ಲ... ಬಾಗ್ಲಲ್ಲೇ ನಿಂತಿದ್ದೆ.”

ಅವನು ಬಿಟ್ಟ ಬಾಯಿ ಮುಚ್ಚಲಿಲ್ಲ.

“ಅಯ್ಯೋ ಹುಚ್ಚೀ... ಅವತ್ತು ಪ್ರವಾಹ ಕಣೇ! ಡ್ಯಾಮ್ ತುಂಬಿ ತುಳುಕ್ತಿತ್ತು. ಬಿಡ್ತೀನಿ ಅಂದಿದ್ದು ನೀರನ್ನ! ಕೆಳಗಿನೋರು ಅಂದ್ರೆ ಹೊಳೆದಂಡೆ ಊರಿನೋರು!”

ದಿನಕ್ಕೆ ನೂರು ಸಲ ‘ನೀರು ಬಿಡಿ’ ಎನ್ನುತ್ತಿದ್ದವಳು ಆ ಒಂದು ದಿನ ನೀರನ್ನೇ ಮರೆತಿದ್ದಳು. ಈ ಮಾತಿಗೆ ಮಾತ್ರ ಉಪ್ಪುಖಾರ ಹಚ್ಚಬೇಕಾಗಿಲ್ಲ.

“ಅಮ್ಮಂಗೆ... ಹೇಳಿದ್ಯಾ?”

“ಅವತ್ತೇ ಬೆಳಿಗ್ಗೆ. ಒಪ್ಕೊಂಡಿದ್ಲು.”

ಅವಳು ಮೇಜಿನ ಮೇಲಿನ ಕರೆಯೋಲೆಗಳನ್ನು ಪಕ್ಕಕ್ಕೆ ಸರಿಸಿದಳು.

“ಈಗ್ಲೂ ನಾವು...”

“ಬೇಡ. ಆ ಹುಡುಗಿ ನನ್ನ ನಂಬ್ಕೊಂಡಿದ್ದಾಳೆ. ಅವಳೇನು ತಪ್ಪು ಮಾಡಿದ್ಲು?”

‘ನಾನೂ ನಂಬಿದ್ದಿದ್ದರೆ...’

“ನನ್ನ ಮೇಲೆ ಪ್ರೀತಿ ಇದೆಯಾ, ಇನ್ನೂ?”

“ಅದನ್ನೊಂದು ಕೇಳ್ಬೇಡ...” ಅವನು ಗೇಟಿನ ಕಡೆ ತಿರುಗಿಕೊಂಡ. “ಇದೆ.”

ಅವಳು ಕಣ್ಣೊರೆಸಿಕೊಂಡು ನಗಲು ನೋಡಿದಳು.

“ಅವಳ ವಿಷಯ ಮಾತಾಡುವಾಗ ಹೆಸರು ಹಿಡಿದು, ಜೋರಾಗಿ ಮಾತಾಡು, ಆಯ್ತಾ?”

“ಹೂಂ. ನೀನೂ ಅಷ್ಟೇ... ಎಲ್ಲಿಗೆ ಹೋದ್ರೂ ಬಾಗ್ಲಲ್ಲಿ ನಿಲ್ಬೇಡ ಕಣೇ. ತಟ್ಟಿ ಒಳಗೆ ಹೋಗು.”