ಐವತ್ತೆಂಟು ಮೂವತ್ತೆಂಟಾದ ಪ್ರಕರಣ

ಮಂಗಳವಾರ ಬೆಳಿಗ್ಗೆ 10.40ಕ್ಕೆ ಫಿಸಿಯೋಥೆರಪಿ ಸ್ನಾತಕೋತ್ತರ ವಿಭಾಗದ ಮುಖ್ಯಸ್ಥೆ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ವಿಭಾಗದ ರಿಜಿಸ್ಟರಿನಲ್ಲಿ ಒಬ್ಬ ವಿದ್ಯಾರ್ಥಿನಿಯ ಪ್ರಾಯೋಗಿಕ ಪರೀಕ್ಷೆಯ 58 ಅಂಕವನ್ನು ಯಾರೋ 38 ಎಂದು ತಿದ್ದಿದ್ದಾರೆ. ಪಾಸಾಗಲು ಐವತ್ತು ಬೇಕು. ಪರೀಕ್ಷಕರು ಅಂದು ತಮ್ಮ ಪ್ರತಿಯೊಂದಿಗೆ ತಾಳೆ ನೋಡಿದಾಗ ವಿಷಯ ಬಯಲಾಗಿತ್ತು.

ಇನ್ಸ್‌ಪೆಕ್ಟರ್ ದೂರನ್ನು ಎರಡು ಸಲ ಓದಿದರು, ತಲೆಬುಡ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅಂಕ ಏರಿಸಿದ ಖದೀಮರನ್ನು ಕಂಡಿದ್ದರೇ ಹೊರತು ಇಳಿಸಿದವರನ್ನು ಕಂಡಿರಲಿಲ್ಲ.

“ಫೇಲಾದ್ರೆ ಏನಾಗುತ್ತೆ ಮೇಡಂ?”

“ಮುಂದಿನ ಸೆಮಿಸ್ಟರಿಗೆ ಬಿಡಲ್ಲ. ಆ ವಿಷಯ ಪೂರ್ತಿ ಮತ್ತೆ ಕಲೀಬೇಕು. ಇನ್ನೊಂದ್ಸಲ ಫೇಲಾದ್ರೆ ಕೋರ್ಸಿಂದಲೇ ಹೊರಗೆ.”

“ಈ ಹುಡುಗಿ ಮೊದಲು ಫೇಲಾಗಿದ್ಳಾ?”

“ಒಂದು ಸಲವೂ ಇಲ್ಲ.”

ಎಫ್‌ಐಆರ್ ದಾಖಲಾಯಿತು. 12.15ಕ್ಕೆ ಇಬ್ಬರು ಪಂಚರ ಸಮಕ್ಷಮ ವಿಭಾಗದ ಕೋಣೆಯ ಪಂಚನಾಮೆ ನಡೆಯಿತು. ಬೀರುವಿಗೆ ದಪ್ಪ ಬೀಗ. ಅದರ ಕೀಲಿ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ಐದನ್ನು ಮೂರಾಗಿಸಿದ್ದ ಶಾಯಿ ನೀಲಿಯಾದರೂ ಉಳಿದ ಅಂಕಗಳಿಗಿಂತ ತುಸು ಗಾಢವಾಗಿತ್ತು. ರಿಜಿಸ್ಟರನ್ನು ಜಪ್ತಿ ಮಾಡಿದರು.

“ಹೊಟ್ಟೆಕಿಚ್ಚು ಸಾರ್, ಇನ್ನೇನು?” ಎಂದರು ಹೆಡ್ ಕಾನ್‌ಸ್ಟೇಬಲ್. ಠಾಣೆಯವರೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಸಹಪಾಠಿಗಳನ್ನು ವಿಚಾರಿಸಿದರೆ ಅವಳ ಮೇಲೆ ಯಾರಿಗೂ ಕಿಚ್ಚಿರಲಿಲ್ಲ, ನೋಟ್ಸ್ ಬರೆದುಕೊಡುವವಳೇ ಅವಳಂತೆ. ಇನ್ಸ್‌ಪೆಕ್ಟರಿಗೆ ಇನ್ನಷ್ಟು ಗೊಂದಲವಾಯಿತು. ಬೇರೆ ದಾರಿ ಕಾಣದೆ ಮರುಮೌಲ್ಯಮಾಪನದ ಕಡತ ತರಿಸಿದರು. ಫೇಲಾದವರು ನಾಲ್ವರು, ಅರ್ಜಿಗಳು ಮೂರು. ಅರ್ಜಿ ಹಾಕುವ ಅವಧಿ ಹಿಂದಿನ ದಿನವೇ ಮುಗಿದಿತ್ತು. ಅರ್ಜಿ ಹಾಕದವಳು ಅವಳೊಬ್ಬಳೇ.

3.30ಕ್ಕೆ ಅವಳನ್ನು ಕರೆಸಿದರು.

“ನಿಮ್ಮ ಅಂಕ ಯಾರೋ ತಿದ್ದಿದ್ದಾರೆ.”

“ಹೌದಾ ಸಾರ್.”

“ಯಾರು ಅಂತ ಕೇಳಲ್ವಾ?”

ಅವಳು ತಲೆ ತಗ್ಗಿಸಿದಳು. ಅಕ್ಕ ನೀರು ತಂದಿಟ್ಟು ಪಕ್ಕದಲ್ಲೇ ಕುಳಿತರು. “ಹೇಳಮ್ಮ. ಮುಚ್ಚಿಟ್ಟು ಏನು ಮಾಡ್ತೀಯ?”

“ನಾನೇ ಮಾಡಿದ್ದು ಅಕ್ಕ.”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. “ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಾ? ಯಾಕೆ?”

“ಪರೀಕ್ಷೇಲಿ ಪೇಶೆಂಟನ್ನ ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸ್ಬೇಕಿತ್ತು. ಬ್ರೇಕ್ ಹಾಕೋದು ಮರೆತೆ. ಕುರ್ಚಿ ಹಿಂದಕ್ಕೆ ಹೋಯ್ತು, ಪೇಶೆಂಟ್ ನನ್ನ ಕೈಯಿಂದ ಜಾರಿ ಬಿದ್ರು. ಪೇಶೆಂಟಾಗಿ ಮಲಗಿದ್ದು ನಮ್ಮ ಜೂನಿಯರ್, ನಗ್ತಾ ಎದ್ದ. ಪರೀಕ್ಷಕರು ಬರೀತಾ ಇದ್ರು, ನೋಡ್ಲಿಲ್ಲ. ಐವತ್ತೆಂಟು ಬಂತು.”

“ಒಂದು ತಪ್ಪು ತಾನೆ?”

“ಅಲ್ಲ ಸಾರ್. ಅಭ್ಯಾಸದಲ್ಲೂ ನಾಲ್ಕು ಸಲ ಜಾರಿಸಿದ್ದೀನಿ. ಪಾಸಾದವರನ್ನ ಸೋಮವಾರದಿಂದ ಪಾರ್ಶ್ವವಾಯು ವಾರ್ಡಿಗೆ ಹಾಕ್ತಾರೆ. ಅಲ್ಲಿರೋರು ಎದ್ದು ನಗಲ್ಲ.”

“ಮೇಡಂಗೆ ಹೇಳ್ಬಹುದಿತ್ತಲ್ಲ?”

“ಹೇಳಿದೆ. ಪಾಸಾದವರು ಮತ್ತೆ ಕಲಿಯೋಕೆ ನಿಯಮ ಇಲ್ಲ ಅಂದ್ರು.”

ಇನ್ಸ್‌ಪೆಕ್ಟರ್ ಮುಖ್ಯಸ್ಥೆಗೆ ಫೋನ್ ಮಾಡಿದರು.

“ಬಂದಿದ್ಳು,” ಎಂದರು ಆಕೆ. “ಪಾಸ್ ಮಾಡಿ ಅಂತ ಗೋಗರೆಯೋರೇ ಎಲ್ಲ. ಇವಳು ಫೇಲ್ ಮಾಡಿ ಅಂದ್ರೆ ಭಯಕ್ಕೆ ಏನೋ ಅಂತಿದ್ದಾಳೆ ಅನ್ಕೊಂಡೆ.”

ಅವಳ ಚೀಲದಿಂದ ನೀಲಿ ಪೆನ್ನು ಜಪ್ತಿಯಾಯಿತು. ದಾಖಲೆ ತಿದ್ದಿದ ಆರೋಪದ ಮೇಲೆ 5.15ಕ್ಕೆ ಬಂಧಿಸಿ, ಅವಳ ತಂದೆಗೆ ತಿಳಿಸಿದರು. ಅಕ್ಕ ಅವಳ ತೋಳು ಹಿಡಿದು ಎಬ್ಬಿಸುವಾಗ ಅವಳು ಕೇಳಿದಳು: “ಸಾರ್, ಆ ವಿಷಯ ಮತ್ತೆ ಕಲಿಯೋಕೆ ಬಿಡ್ತಾರಲ್ವಾ?”

6.10ಕ್ಕೆ ಕಾಲೇಜಿನ ಪತ್ರ ಬಂತು. ಅಂಕವನ್ನು 58 ಎಂದು ಸರಿಪಡಿಸಲಾಗಿದೆ, ಫಲಿತಾಂಶ: ಪಾಸು. ದಾಖಲೆ ತಿದ್ದಿದ ಕಾರಣ ವಿದ್ಯಾರ್ಥಿನಿಯನ್ನು ಕೋರ್ಸಿನಿಂದ ತೆಗೆದುಹಾಕಲಾಗಿದೆ.

ಇನ್ಸ್‌ಪೆಕ್ಟರಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಯೋಚಿಸಿದರೆ ಯಾರೂ ಸಿಗಲಿಲ್ಲ. ಪತ್ರವನ್ನು ಕಡತಕ್ಕೆ ಸೇರಿಸಿ ವರದಿ ಬರೆಯಲು ಕೂತರು. ಅಪರಾಧದ ಉದ್ದೇಶ ಎಂಬಲ್ಲಿ ಎರಡು ಸಲ ಬರೆದು ಹೊಡೆದುಹಾಕಿದರು. ಕೊನೆಗೆ ಬರೆದರು: ತನಗೆ ಕೆಲಸ ಬರುವುದಿಲ್ಲವೆಂದು ಆರೋಪಿಗೆ ಗೊತ್ತಿತ್ತು.