ರೀಸ್ಟಾರ್ಟ್ ಸಾರ್

ಆಗಿನ್ನೂ ಇ-ಮೇಲು, ಕ್ಯಾಲೆಂಡರು ಎಲ್ಲ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಬೀಡುಬಿಟ್ಟಿದ್ದ ಕಾಲ. ನಾನು ಹಲ್ಲಿನ ಕ್ಲಿನಿಕ್ ಒಂದರ ರಿಸೆಪ್ಷನ್‌ನಲ್ಲಿ ಕೂರುತ್ತಿದ್ದೆ. ಮೇಲ್ ಹೋಗದೆ ಔಟ್‌ಬಾಕ್ಸ್‌ನಲ್ಲಿ ಠಿಕಾಣಿ ಹೂಡಿದರೆ, ಪಾಸ್‌ವರ್ಡ್ ಕೊಟ್ಟಷ್ಟೂ ಮತ್ತೆ ಕೇಳಿ ಪ್ರಾಣ ತಿಂದರೆ, ಹಿಂದಿನ ಬೀದಿಯ ರಿಪೇರಿ ಅಂಗಡಿಗೆ ಫೋನ್ ಮಾಡುತ್ತಿದ್ದೆ. ಅಂಗಡಿ ನಡೆಸುತ್ತಿದ್ದವರು ಬಂದು, ಜಾರಿದ ಕನ್ನಡಕ ಮೇಲೇರಿಸಿ, ಕೇಳುತ್ತಿದ್ದುದು ಒಂದೇ.

"ರೀಸ್ಟಾರ್ಟ್ ಮಾಡಿದ್ರಾ?"

"ಮಾಡ್ದೆ."

"ನಿಜವಾಗ್ಲೂ?"

ನಾನು ಫ್ಯಾನ್ ನೋಡುತ್ತಿದ್ದೆ. ಅವರ ತುಟಿಯ ಒಂದು ತುದಿ ಮಾತ್ರ ನಗುತ್ತಿತ್ತು. ರೀಸ್ಟಾರ್ಟ್ ಸಾರ್ ಅಂತ ಹೆಸರಿಟ್ಟವಳು ನಾನೇ. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಬೇಜಾರೇನೂ ಮಾಡಿಕೊಂಡಿರಲಿಲ್ಲ.

ಒಮ್ಮೆ ಮೇಲ್ ತೆರೆದ ತಕ್ಷಣ ಮುಚ್ಚಿಕೊಳ್ಳತೊಡಗಿತು.

"ಇದಕ್ಕೆ ಅಂಟಿಕೊಂಡಿರೋ ಚಿಲ್ಲರೆ ಪ್ರೋಗ್ರಾಮ್‌ಗಳಿವೆಯಲ್ಲ, ಒಂದೊಂದಾಗಿ ಆಫ್ ಮಾಡಿ ನೋಡ್ಬೇಕು. ಯಾವುದರ ತಂಟೆ ಅಂತ ಆಗ ಗೊತ್ತಾಗುತ್ತೆ. ಸ್ವಲ್ಪ ಟೈಮ್ ಹಿಡಿಯುತ್ತೆ."

"ಹಿಡೀಲಿ ಬಿಡಿ," ಅಂದೆ. ಅಂದಮೇಲೆ ನನ್ನ ದನಿ ನನಗೇ ಕೇಳಿಸಿ ಕಿವಿ ಬಿಸಿಯಾಯಿತು.

ಹೀಗಿರುವಾಗ ಕ್ಲಿನಿಕ್ಕಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದರಲ್ಲಿದ್ದ ಅಪಾಯಿಂಟ್‌ಮೆಂಟ್‌ಗಳನ್ನೆಲ್ಲ ಅವರೇ ಹೊಸದಕ್ಕೆ ಸಾಗಿಸಿಕೊಟ್ಟರು. ಮುಂದಿನ ವಾರ ಒಂದು ಬೆಳಿಗ್ಗೆ ನೋಡಿದರೆ, ಒಂದೇ ಹೊತ್ತಿಗೆ ಇಬ್ಬಿಬ್ಬರು ಹಾಜರು! ಕೆನ್ನೆ ಊದಿಸಿಕೊಂಡ ಅಜ್ಜ ಒಬ್ಬರು, "ನನ್ನ ಸರದಿ ಯಾರಿಗೆ ಮಾರ್ಕೊಂಡೆಯಮ್ಮಾ?" ಎಂದು ನರಳಿದರು. ಡಾಕ್ಟರಮ್ಮ ಎಲ್ಲರೆದುರೇ ನನ್ನ ಮೇಲೆ ಹರಿಹಾಯ್ದರು. "ಕಣ್ಣು ಎಲ್ಲಿಟ್ಕೊಂಡು ಬರ್ಕೊಳ್ತೀಯ? ಇಷ್ಟವಿಲ್ದಿದ್ರೆ ಕೆಲಸ ಬಿಡು!"

ಫೋನ್ ಮಾಡಿದ ಕೂಡಲೇ ಬಂದ ರೀಸ್ಟಾರ್ಟ್ ಸಾರ್ ಪರದೆಯ ಮೂಲೆಯ ಗಡಿಯಾರ ನೋಡಿದರು, ಸೆಟ್ಟಿಂಗ್ಸ್ ತೆರೆದರು. ಅವರ ಮುಖ ಸಪ್ಪಗಾಯಿತು. ಕಂಪ್ಯೂಟರ್ ಬೇರೆ ಯಾವುದೋ ದೇಶದ ಟೈಮ್ ಝೋನ್‌ನಲ್ಲಿತ್ತು. ಹಳೆಯ ಅಪಾಯಿಂಟ್‌ಮೆಂಟ್‌ಗಳೆಲ್ಲ ಒಂದು ಗಂಟೆ ಮುಂದೆ ಜಾರಿದ್ದವು; ಖಾಲಿ ಕಂಡ ಅವುಗಳ ಹೊತ್ತಿಗೆ ನಾನು ಹೊಸಬರನ್ನು ಬರೆದುಕೊಂಡಿದ್ದೆ.

ಅವರು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೇರ ಒಳಗೆ ಹೋಗಿ ಹೇಳಿದರು: "ಮೇಡಂ, ತಪ್ಪು ನಂದು. ಟೈಮ್ ಝೋನ್ ನಾನೇ ನೋಡ್ಲಿಲ್ಲ. ಅವರನ್ನ ಬಯ್ಯಬೇಡಿ."

ಆಮೇಲೆ ಸಂಜೆಯವರೆಗೆ ನನ್ನ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತರು. ಅವರು ಹೊತ್ತು ಸರಿಪಡಿಸಿ ಹೇಳುವುದು, ನಾನು ಫೋನಿನಲ್ಲಿ ರೋಗಿಗಳ ಕ್ಷಮೆ ಕೇಳುವುದು. ನನ್ನ ಗಂಟಲು ಒಣಗಿದಾಗ ಏನೂ ಕೇಳದೆ ನೀರಿನ ಲೋಟ ಮುಂದೆ ಸರಿಸಿದರು. ಇಷ್ಟು ವರ್ಷವಾದರೂ ಆ ಸಂಜೆಯ ಬೆಳಕು ನನಗೆ ಹಾಗೇ ನೆನಪಿದೆ: ಕಿಟಕಿಯ ಗಾಜು ದಾಟಿ ಬಂದು ಅವರ ಒಂದು ಕಿವಿಯನ್ನಷ್ಟೇ ಕೆಂಪಾಗಿಸಿತ್ತು.

ಡಾಕ್ಟರಮ್ಮ ಮಾತ್ರ ಬೇರೆ ಕಂಪನಿಗೆ ಕೆಲಸ ವಹಿಸಿಬಿಟ್ಟರು. ಆ ಕಂಪನಿಯವರು ಫೋನಿನಲ್ಲೇ ಎಲ್ಲ ಸರಿಮಾಡುತ್ತಿದ್ದರು. ಮೇಲ್ ಚೆನ್ನಾಗಿ ಹೋಗುತ್ತಿತ್ತು, ಬರುತ್ತಿತ್ತು. ನನಗೇ ಯಾವುದರಲ್ಲೂ ಮನಸ್ಸಿಲ್ಲ. ಬಾಗಿಲು ಕಿರ್ ಎಂದಾಗಲೆಲ್ಲ ತಲೆ ಎತ್ತುತ್ತಿದ್ದೆ.

ಒಂದು ದಿನ ಧೈರ್ಯ ಮಾಡಿ ಅಂಗಡಿಗೇ ಹೋದೆ. ರೀಸ್ಟಾರ್ಟ್ ಸಾರ್ ಅವರ ಅಕ್ಕ ಕೌಂಟರಿನಲ್ಲಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಲೋ, ಬಾರೋ ಈಚೆ," ಎಂದು ಕೂಗಿದರು.

ಅವರು ಬಂದರು. ಕನ್ನಡಕ ಜಾರಿತು.

"ಮನೆ ಕಂಪ್ಯೂಟರ್‌ನಲ್ಲಿ ಮೇಲ್ ಹೋಗ್ತಿಲ್ಲ," ಅಂದೆ.

"ಎರರ್ ಏನು ತೋರಿಸುತ್ತೆ?"

"ಏನೂ ಇಲ್ಲ."

"ಇಂಟರ್‌ನೆಟ್ ಇದೆಯಾ? ಆಫ್‌ಲೈನ್ ಅಂತೇನಾದ್ರೂ ಬರ್ತಿದೆಯಾ?"

"ಗೊತ್ತಿಲ್ಲ."

"ಮೇಲ್‌ಬಾಕ್ಸ್ ತುಂಬಿರಬಹುದು. ಭಾನುವಾರ ಮನೆಗೆ ಬಂದು ನೋಡ್ಲಾ?"

"ಬನ್ನಿ. ಆದ್ರೆ… ಮನೇಲಿ ಕಂಪ್ಯೂಟರ್ ಇಲ್ಲ."

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ನಡೆದರು. ರೀಸ್ಟಾರ್ಟ್ ಸಾರ್ ಕನ್ನಡಕ ಮೇಲೇರಿಸಿ ನನ್ನನ್ನೇ ನೋಡಿದರು. ಈ ಸಲ ತುಟಿಯ ಎರಡೂ ತುದಿ ನಕ್ಕವು.

"ಹಾಗಾದ್ರೆ ಖಂಡಿತ ಬರ್ತೀನಿ."

ಭಾನುವಾರ ನಾನು ಜಡೆ ಹೆಣೆದು ಹೊರಬರುವಷ್ಟರಲ್ಲಿ ಎಡವಟ್ಟಾಗಿತ್ತು. ಅಭ್ಯಾಸಬಲದಿಂದ ಅವರು ಟೂಲ್ ಬ್ಯಾಗ್ ಹೆಗಲಿಗೇರಿಸಿಕೊಂಡೇ ಬಂದಿದ್ದರು. ಅಪ್ಪ ಅವರನ್ನು ಪ್ಲಂಬರ್ ಅಂದುಕೊಂಡು, "ಅಂತೂ ಬಂದ್ಯಲ್ಲಪ್ಪಾ!" ಎಂದು ಸೀದಾ ಸೋರುವ ನಲ್ಲಿಯ ಮುಂದೆ ಕೂರಿಸಿದ್ದರು. ಅವರೂ ಅಂಗಿಯ ತೋಳು ಮಡಚಿ, ನಲ್ಲಿ ಬಿಚ್ಚಿ, ರಿಪೇರಿ ಮಾಡಿಯೇಬಿಟ್ಟಿದ್ದರು.

ಅಪ್ಪ ಖುಷಿಯಾಗಿ ಕೇಳಿದರು: "ಭೇಷ್! ಏನು ಕೊಡ್ಲಪ್ಪಾ?"

ಅವರು ಒದ್ದೆ ಅಂಗಿಯಲ್ಲೇ ಎದ್ದು ನಿಂತರು. ಅಪ್ಪನನ್ನಲ್ಲ, ಬಾಗಿಲಲ್ಲಿದ್ದ ನನ್ನನ್ನು ನೋಡುತ್ತಾ ಮೆಲ್ಲನೆ ಅಂದರು, "ನಾನು ಇವರನ್ನ ಮದುವೆ ಆಗ್ಲಾ ಅಂತ ಕೇಳೋಕೆ ಬಂದೆ ಸಾರ್. ಇವರು ಒಪ್ಪಿದ್ರೆ."

"ನಾನು ಒಪ್ಪಿದೀನಿ ಅಪ್ಪಾ."

ಅಪ್ಪ ನಲ್ಲಿಯನ್ನೊಮ್ಮೆ ನೋಡಿದರು, ನಮ್ಮಿಬ್ಬರನ್ನೊಮ್ಮೆ ನೋಡಿದರು.

"ಒಂದು ನಲ್ಲಿಗೆ ಇಷ್ಟೊಂದಾ?" ಅಂದವರೇ ಒಳಗೆ ಹೋಗಿ, ಅವರಿಗೆ ಕೈ ಒರೆಸಿಕೊಳ್ಳಲು ಟವೆಲ್ ತಂದರು.